ಕರಡಪ್ಪನ ಮನೆಯ ನೆಗಡಿ

ಸೀನು ಬಿದ್ದದ್ದು ಸರಿಯಾಗಿ ಹದಿನಾಲ್ಕನೇ ಪುಟದ ಮೇಲೆ.

ಬೆಳಗಿನ ಏಳು ಗಂಟೆ. ಕರಡಪ್ಪ ಊಟದ ಮೇಜಿನ ಮೇಲೆ ಅಚ್ಚುಮನೆಯ ಹಾಳೆಗಳನ್ನು ಹರಡಿಕೊಂಡು, ‘ಹೃದಯ’ದಲ್ಲಿ ಬಿಟ್ಟುಹೋಗಿದ್ದ ವಟ್ರಸುಳಿಯನ್ನು ಕೆಂಪು ಪೆನ್ನಿನಿಂದ ಸೇರಿಸುತ್ತಿದ್ದ. ಮೇಜಿನ ಅಂಚಿನಲ್ಲಿ ಕೂತಿದ್ದ ಅಲ್ಪವಿರಾಮ ಎಂಬ ಪುಟ್ಟ ಬೆಕ್ಕು ಮೂಗು ಸುಕ್ಕುಗಟ್ಟಿಸಿದಳು, ತಲೆ ಕೊಡವಿದಳು, ಒಂದಲ್ಲ ಎರಡಲ್ಲ, ಮೂರು ಸಲ ಸೀನಿದಳು. ಶಾಯಿ ಹರಡಿ, ಹೃದಯಕ್ಕೆ ನಿಜವಾಗಿಯೇ ಗಾಯವಾದ ಹಾಗೆ ಕಂಡಿತು.

ಹಾಳೆ ಹಾಳಾದದ್ದರ ಮೇಲೆ ಕರಡಪ್ಪನಿಗೆ ಗಮನವೇ ಇರಲಿಲ್ಲ. ಅವನು ಬೆಕ್ಕನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಎಡಗಣ್ಣು ಅರ್ಧ ಮುಚ್ಚಿತ್ತು, ಅಂಚಿನಲ್ಲಿ ಅಂಟು.

“ಲೇ, ಮತ್ತೆ ಶುರುವಾಯ್ತು” ಅಂದ.

“ಅವಳಿಗೊಬ್ಬಳಿಗೇ ಅಲ್ಲ” ಎಂದು ಅಡುಗೆಮನೆಯಿಂದ ಹೆಂಡತಿ ಹೇಳಿದಳು. “ನಮ್ಮ ಗಂಡುಬೆಕ್ಕು ಒತ್ತೂ ರಾತ್ರಿಯೆಲ್ಲ ಗೊರಗೊರ ಅಂತಿದ್ದ. ನಿಮ್ಮ ಗೊರಕೆ ಅಂದ್ಕೊಂಡು ಎರಡು ಸಲ ನಿಮ್ಮನ್ನೇ ತಿವಿದೆ.”

ಪಕ್ಕೆ ಯಾಕೆ ನೋಯುತ್ತಿದೆ ಎಂಬುದು ಕರಡಪ್ಪನಿಗೆ ಆಗ ತಿಳಿಯಿತು.

ಕರಡಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು ಅವನ ಕೆಲಸ. ಇಪ್ಪತ್ತೈದು ವರ್ಷ ಅದನ್ನೇ ಮಾಡಿದ್ದಕ್ಕೆ ಅಚ್ಚುಮನೆಯವರು ಕೊಟ್ಟ ಬಿರುದು. ಒಂದು ಸೊನ್ನೆ ಹೆಚ್ಚಿದ್ದರೂ, ಒಂದು ಕೊಂಬು ಕಡಿಮೆಯಿದ್ದರೂ ಅವನ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ಮಕ್ಕಳಿಲ್ಲದ ಗಂಡ ಹೆಂಡತಿ ಬೀದಿಯಲ್ಲಿ ಸಿಕ್ಕಿದ ಮರಿಗಳನ್ನು ಒಂದೊಂದಾಗಿ ಮನೆಗೆ ತಂದು ಸಾಕಿದ್ದರು. ಉದ್ದ ಮೈಯವನು ದೀರ್ಘ, ಬಾಲ ಕೊಕ್ಕೆಯಾಗಿದ್ದವಳು ಪ್ರಶ್ನೆ, ಯಾವಾಗಲೂ ಇನ್ನೊಬ್ಬರ ಹೊಟ್ಟೆಯ ಕೆಳಗೆ ಮಲಗುವವನು ಒತ್ತು, ಗುಂಡಗೆ ಬೂದಿ ಬಣ್ಣದವಳು ಸೊನ್ನೆ, ಎಲ್ಲರಿಗಿಂತ ಕಿರಿಯಳು ಅಲ್ಪವಿರಾಮ. ಒಟ್ಟು ಐದು.

ಐದು ತಿಂಗಳಿಂದ ಈ ಐವರಿಗೂ ಸರದಿಯ ಮೇಲೆ ನೆಗಡಿ. ಔಷಧಿ ಕೊಟ್ಟರೆ ಹತ್ತು ದಿನ ನಿಲ್ಲುವುದು, ಹನ್ನೊಂದನೇ ದಿನ ಯಾರೋ ಒಬ್ಬರು ಸೀನುವುದು. ಎರಡು ಬೀದಿಯಾಚೆಯ ಪಶುವೈದ್ಯರು ಹೋದ ಸಲ ಅಲ್ಪವಿರಾಮಳ ಕಣ್ಣಿಗೆ ದೀಪ ಬಿಟ್ಟು ನೋಡಿ ಮುಖ ಗಂಟಿಕ್ಕಿದ್ದರು.

“ಇದೊಂದು ವೈರಸ್ಸು ಕರಡಪ್ಪನೋರೆ. ಒಂದ್ಸಲ ಮೈಯೊಳಗೆ ಹೊಕ್ಕರೆ ಹೊರಗೆ ಹೋಗಲ್ಲ, ಸುಮ್ನೆ ಮಲಗಿರುತ್ತೆ. ಬೆಕ್ಕಿಗೆ ಮನಸ್ಸಿನ ಒತ್ತಡ ಆದ ತಕ್ಷಣ ಎದ್ದು ಕೂರುತ್ತೆ. ನಾನು ಕೊಡೋ ಔಷಧಿ ಮೂಗಿಗೆ. ಒತ್ತಡಕ್ಕೆ ಔಷಧಿ ನಿಮ್ಮ ಮನೇಲೇ ಇದೆ. ಏನು ಕಿರಿಕಿರಿ ಆಗ್ತಿದೆ ಅಂತ ಹುಡುಕಿ. ಇನ್ನೊಂದೆರಡು ಸಲ ಹೀಗಾದ್ರೆ ಈ ಕಣ್ಣಲ್ಲಿ ಬಿಳಿ ಕಲೆ ಉಳಿದುಬಿಡುತ್ತೆ.”

ಅಂದಿನಿಂದ ಕರಡಪ್ಪ ಹುಡುಕುತ್ತಲೇ ಇದ್ದ. ಒಂದೇ ತಟ್ಟೆಯಲ್ಲಿ ತಿಂದರೆ ಜಗಳ ಅಂದರು, ಐದು ತಟ್ಟೆ ತಂದ. ಒಂದೇ ಕಡೆ ಶೌಚವಾದರೆ ಮುಜುಗರ ಅಂದರು, ಆರು ಮೂಲೆಗಳಲ್ಲಿ ಮಣ್ಣು ತುಂಬಿದ ಬೇಸನ್ನು ಇಟ್ಟ. ಅಡಗಿಕೊಳ್ಳಲು ಜಾಗ ಬೇಕು ಅಂದರು, ಪುಸ್ತಕದ ಕಪಾಟಿನ ಎರಡು ಅಂತಸ್ತು ಖಾಲಿ ಮಾಡಿಕೊಟ್ಟ. ಮನೆಯಲ್ಲಿ ಈಗ ಮನುಷ್ಯರು ಅಡ್ಡಡ್ಡ ನಡೆಯಬೇಕಾಗಿತ್ತು. ಆದರೂ ನೆಗಡಿ ಮಾತ್ರ ಬಾಡಿಗೆದಾರನ ಹಾಗೆ ಅಲ್ಲೇ ಇತ್ತು.

“ಇವತ್ತು ರಜೆ ಹಾಕ್ತೀನಿ. ಇದಕ್ಕೊಂದು ಗತಿ ಕಾಣಿಸದೆ ಇವತ್ತು ಮಲಗಲ್ಲ” ಎಂದು ಹೆಂಡತಿಗೆ ಹೇಳಿ ಕರಡಪ್ಪ ವೈದ್ಯರಿಗೆ ಫೋನು ಮಾಡಿದ.

“ಕಣ್ಣು ಕೆಂಪಾಗಿರೋ ಬೆಕ್ಕನ್ನ ಸಂಜೆ ಐದಕ್ಕೆ ಕರ್ಕೊಂಡು ಬನ್ನಿ” ಅಂದರು ಅವರು. “ಮಿಕ್ಕಿದ್ದೆಲ್ಲ ಬೇಡ, ಸುಮ್ನೆ ಗಾಬರಿ ಆಗ್ತವೆ. ಅಲ್ಲೀವರೆಗೆ ಮನೇಲಿ ಒಂದು ಸೂಜಿ ಬಿದ್ದ ಸದ್ದೂ ಆಗಬಾರದು.”

ಕರಡಪ್ಪ ಹೇಳಿದ ಮಾತನ್ನು ಅಕ್ಷರಶಃ ಪಾಲಿಸುವ ಮನುಷ್ಯ. ಗಡಿಯಾರದ ಬ್ಯಾಟರಿ ಕಿತ್ತ. ಕುಕ್ಕರಿಗೆ ರಜೆ ಕೊಟ್ಟ. ಬಾಗಿಲ ಗಂಟೆಯ ತಂತಿ ಬಿಚ್ಚಿದ. ಹೆಂಡತಿಯ ಬಳೆಗಳ ಕಡೆ ನೋಡಿದ. ಅವಳು ತಿರುಗಿ ನೋಡಿದ ರೀತಿಗೆ ಸುಮ್ಮನಾದ. ಕೊನೆಗೆ ದೊಡ್ಡ ಹಾಳೆಯೊಂದರ ಮೇಲೆ ಮುದ್ದಾದ ಅಕ್ಷರದಲ್ಲಿ, “ಒಳಗೆ ರೋಗಿಗಳಿದ್ದಾರೆ. ದಯವಿಟ್ಟು ಸದ್ದು ಮಾಡಬೇಡಿ” ಎಂದು ಬರೆದು ಮುಂಬಾಗಿಲಿಗೆ ಅಂಟಿಸಿದ.

ಹಾಳೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದಕ್ಕೆ ಅಷ್ಟೇ ಸಾಕಾಯಿತು.

ಮೊದಲು ಬಂದದ್ದು ಮೇಲಿನ ಮನೆಯ ಕಾಂಪೌಂಡರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಔಷಧಿ ಅಳೆದುಕೊಟ್ಟು ನಿವೃತ್ತರಾದವರು; ನಿವೃತ್ತಿಯಾದ ಮೇಲೆ ಇಡೀ ಕಟ್ಟಡವನ್ನೇ ತಮ್ಮ ವಾರ್ಡು ಮಾಡಿಕೊಂಡಿದ್ದರು. ಗಂಟೆ ಒತ್ತಿದರು, ಅದು ಸದ್ದು ಮಾಡಲಿಲ್ಲ. ಅದಕ್ಕೆ ಬಾಗಿಲನ್ನೇ ಗುದ್ದಿದರು. ಒಳಗೆ ದೀರ್ಘ ಕಪಾಟಿನ ನೆತ್ತಿಗೆ ಹಾರಿದ, ಪ್ರಶ್ನೆ ಸೋಫಾದ ಅಡಿಗೆ ನುಗ್ಗಿದಳು.

“ಯಾರಿಗೆ ಏನಾಯ್ತು?” ಎಂದರು ಕಾಂಪೌಂಡರು, ಕುತ್ತಿಗೆಯ ಸ್ಟೆತೊಸ್ಕೋಪು ಸರಿಮಾಡಿಕೊಳ್ಳುತ್ತ. “ಮನೆಯವರಿಗಾ?”

“ಬೆಕ್ಕಿಗೆ” ಎಂದು ಕರಡಪ್ಪ ಪಿಸುಗುಟ್ಟಿದ.

“ಏನ್ ಕಾಯಿಲೆ?”

“ಮನಸ್ಸಿನ ಒತ್ತಡ.”

ಕಾಂಪೌಂಡರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬೆಕ್ಕಿಗೆ ಎಂಥ ಒತ್ತಡರೀ? ಅದೇನು ಆಫೀಸಿಗೆ ಹೋಗುತ್ತಾ, ಹೆಂಡ್ತಿ ಬೈಯ್ತಾಳಾ?”

ಅಷ್ಟರಲ್ಲಿ ಎದುರುಮನೆಯ ಸಂಗೀತದ ಟೀಚರಮ್ಮ ಹಾಳೆ ಓದಿ ಓಡಿ ಬಂದರು. ಒಳಗೆ ಯಾರೋ ಕೊನೆಯುಸಿರು ಎಳೆಯುತ್ತಿದ್ದಾರೆ ಎಂದೇ ತಿಳಿದು, ಬರುವಾಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ನಿಜ ವಿಷಯ ತಿಳಿದಾಗ ಅವರಿಗೆ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾದ ಹಾಗಿತ್ತು. ಆದರೂ ಸಾವರಿಸಿಕೊಂಡು, “ಒತ್ತಡಕ್ಕೆ ಸಂಗೀತಕ್ಕಿಂತ ಔಷಧಿ ಇಲ್ಲ” ಎಂದು ಅಲ್ಲೇ ಕೂತು ಮೆಲ್ಲಗೆ ಒಂದು ರಾಗ ಎತ್ತಿದರು. ಒತ್ತು ಎದ್ದು ಬಂದು ಅವರ ಮುಂದೆ ಕೂತು, ಎರಡು ನಿಮಿಷ ಕೇಳಿ, ಸೀನಿದ.

“ನೋಡಿದ್ರಾ, ಮೂಗು ಬಿಡ್ತು” ಎಂದರು ಟೀಚರಮ್ಮ.

“ಮೂಗು ಬಿಡಬೇಕಾದ್ರೆ ಹಬೆ ಕೊಡಬೇಕು” ಎಂದರು ಕಾಂಪೌಂಡರು. “ಬಚ್ಚಲುಮನೇಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕ್ಕೊಂಡು, ಬೆಕ್ಕನ್ನ ತೊಡೆ ಮೇಲೆ ಕೂರಿಸ್ಕೊಂಡು ಹತ್ತು ನಿಮಿಷ ಕೂತ್ಕೊಳ್ಳಿ. ಶಾಂತಿಗೆ ಶಾಂತಿ, ಮೂಗಿಗೆ ಮೂಗು.”

ವೈದ್ಯರೂ ಹಿಂದೊಮ್ಮೆ ಹೀಗೇ ಹೇಳಿದ್ದು ಕರಡಪ್ಪನಿಗೆ ನೆನಪಿತ್ತು. ಜೊತೆಗೆ, ಈ ಇಬ್ಬರಿಂದ ತಪ್ಪಿಸಿಕೊಳ್ಳಲು ಮನೆಯಲ್ಲಿ ಚಿಲಕವಿರುವ ಜಾಗ ಅದೊಂದೇ. ಅಲ್ಪವಿರಾಮಳನ್ನು ಎತ್ತಿಕೊಂಡ, ದಾರಿಯಲ್ಲಿ ಸಿಕ್ಕಿದ ಸೊನ್ನೆಯನ್ನೂ ಬಗಲಿಗೆ ಹಾಕಿಕೊಂಡ. ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿ, ಬಿಸಿನೀರಿನ ನಲ್ಲಿ ತಿರುಗಿಸಿದ.

ಹಬೆ ತುಂಬಿತು. ಅಲ್ಪವಿರಾಮ ನಿಜವಾಗಿಯೂ ಉಸಿರು ಸರಾಗ ಮಾಡಿಕೊಂಡು ಅವನ ಮಡಿಲಲ್ಲಿ ಸುರುಟಿಕೊಂಡಳು. ಸೊನ್ನೆ ಸ್ವಲ್ಪ ಬಿಗುವಾಗಿದ್ದಳು, ಆದರೆ ಓಡಲಿಲ್ಲ. ಬೆಳಗಿನಿಂದ ಮೊದಲ ಬಾರಿಗೆ ಕರಡಪ್ಪನಿಗೆ ಗೆದ್ದೆ ಅನ್ನಿಸಿತು.

ಹತ್ತು ನಿಮಿಷದ ನಂತರ ಎದ್ದು ಚಿಲಕ ತೆಗೆದು ಬಾಗಿಲು ಎಳೆದ. ಅದು ಅಲ್ಲಾಡಲಿಲ್ಲ. ಹಳೆಯ ಮರದ ಬಾಗಿಲು, ಹಬೆ ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಚೌಕಟ್ಟಿನಲ್ಲಿ ಬಿಗಿಯಾಗಿ ಕೂತುಬಿಟ್ಟಿತ್ತು.

“ಲೇ, ಬಾಗಿಲು ಸಿಕ್ಕಿಹಾಕ್ಕೊಂಡಿದೆ. ಮೆಲ್ಲಗೆ ತಳ್ಳು, ಸದ್ದು ಮಾಡಬೇಡ” ಎಂದ.

“ಬಂದೆ. ಸೊನ್ನೇನ ಕೆಳಗಿಳಿಸಿ ಬರ್ತೀನಿ. ನೀವು ಹೋದಾಗಿಂದ ಮಂಚದ ಮೇಲೆ ನಿಂತು ಗುರ್ ಅಂತಿದಾಳೆ” ಎಂದಳು ಹೆಂಡತಿ.

ಕರಡಪ್ಪ ತನ್ನ ತೊಡೆಯ ಮೇಲಿದ್ದ ಸೊನ್ನೆಯನ್ನು ನೋಡಿದ. “ಸೊನ್ನೆ ಇಲ್ಲಿದಾಳೆ ಕಣೆ.”

“ಎಲ್ಲಿ?”

“ನನ್ನ ತೊಡೆ ಮೇಲೆ.”

“ರೀ, ನನ್ನ ಕೈಯಲ್ಲಿದಾಳೆ ರೀ.”

ಹೊರಗಿನಿಂದ ಕಾಂಪೌಂಡರ ದನಿ ಗಂಭೀರವಾಗಿ ಕೇಳಿಸಿತು. “ಹಬೆ ತಲೆಗೆ ಏರಿದೆ. ನಮ್ಮ ಆಸ್ಪತ್ರೇಲಿ ಇಂಥ ಕೇಸು ನೋಡಿದೀನಿ. ಇಲ್ಲದ್ದು ಕಾಣೋಕೆ ಶುರುವಾದ್ರೆ ತಡ ಮಾಡಬಾರದು.”

“ನಂಗೇನೂ ಆಗಿಲ್ಲ” ಎಂದು ಕರಡಪ್ಪ ಒಳಗಿಂದ ಹೇಳಿದ.

“ಎಲ್ಲರೂ ಹಾಗೇ ಹೇಳ್ತಾರೆ” ಎಂದರು ಕಾಂಪೌಂಡರು.

ಟೀಚರಮ್ಮ ಕೆಳಗಿನ ಅಂಗಡಿಯ ಬಡಗಿಯನ್ನು ಕರೆತಂದರು. ಬಡಗಿ ಬಾಗಿಲಿಗೆ ಕಿವಿಯಿಟ್ಟು, ತಟ್ಟಿ ನೋಡಿ, ಕೊಡಲಿ ಸುತ್ತಿಗೆ ಎರಡನ್ನೂ ಕೆಳಗಿಟ್ಟು, ಯಾವುದರಿಂದ ಶುರುಮಾಡಲಿ ಎಂದು ಕೇಳಿದ. ಕರಡಪ್ಪ ಒಳಗಿಂದ, “ಮೇಸ್ತ್ರಿ, ಕೈ ಮುಗೀತೀನಿ, ಕೀಲಿನ ಮೊಳೆ ಬಿಚ್ಚು. ಹೊಡೀಬೇಡ. ಮನೇಲಿ ಸೂಜಿ ಬಿದ್ದ ಸದ್ದೂ ಆಗಬಾರದು ಅಂದಿದಾರೆ” ಎಂದು ಬೇಡಿಕೊಂಡ. ಕೀಲು ಒಳಗಡೆ ಇತ್ತು. ಬಡಗಿ ಅದನ್ನು ವಿವರಿಸುವ ಗೋಜಿಗೆ ಹೋಗಲಿಲ್ಲ. ಸುತ್ತಿಗೆ ಎತ್ತಿದ.

ಮುಂದಿನ ಕಾಲು ಗಂಟೆ ಆ ಮನೆಯಲ್ಲಿ ನಡೆದದ್ದನ್ನು ಶಾಂತಿ ಎಂದು ಯಾವ ನಿಘಂಟೂ ಕರೆಯುವುದಿಲ್ಲ. ಮೊದಲ ಏಟಿಗೆ ದೀರ್ಘ ಕಪಾಟಿನಿಂದ ಪರದೆಗೆ ಹಾರಿದ. ಪರದೆ ಕಂಬಿಸಮೇತ ಕೆಳಗೆ ಬಂತು. ಐದನೇ ಏಟಿಗೆ ಒತ್ತು ಮಣ್ಣಿನ ಬೇಸನ್ನು ಕವಚಿ ಅದರಡಿಗೆ ಸೇರಿದ. ಎಂಟನೇ ಏಟಿಗೆ ಬಾಗಿಲು ಬಿತ್ತು, ಬೆಳ್ಳನೆಯ ಹಬೆಯೊಳಗಿಂದ ಕರಡಪ್ಪ ಹೊರಗೆ ಬಂದ, ನೆನೆದ ಅಂಗಿ, ಹಣೆಗಂಟಿದ ಕೂದಲು, ಎರಡು ಬಗಲಲ್ಲಿ ಎರಡು ಬೆಕ್ಕು.

ಎದುರಿಗೆ ಹೆಂಡತಿ ನಿಂತಿದ್ದಳು. ಅವಳ ತೋಳಲ್ಲಿ ಸೊನ್ನೆ. ಅವನ ತೋಳಲ್ಲೂ ಸೊನ್ನೆ. ಅದೇ ಬೂದಿ ಬಣ್ಣ, ಅದೇ ಗುಂಡುಮುಖ, ಅದೇ ಹಳದಿ ಕಣ್ಣು.

ಎರಡೂ ಸೊನ್ನೆಗಳು ಒಂದನ್ನೊಂದು ನೋಡಿ, ಬೆನ್ನು ಬಿಲ್ಲಾಗಿಸಿ, ಬಾಲ ಪೊರಕೆ ಮಾಡಿಕೊಂಡು, ಹಳೇ ವೈರಿಗಳ ಹಾಗೆ ಬುಸ್ಸೆಂದವು. ಅವು ಪರಸ್ಪರ ಅಪರಿಚಿತರಲ್ಲ ಎಂಬುದು ಗೊತ್ತಾಗುತ್ತಿತ್ತು. ಗೊತ್ತಿಲ್ಲದೆ ಇದ್ದವರು ಗಂಡ ಹೆಂಡತಿ ಇಬ್ಬರೇ.

“ಅದಕ್ಕೇ” ಎಂದಳು ಹೆಂಡತಿ. “ಬೆಳಿಗ್ಗೆ ಬಂದು ಮುದ್ದು ಮಾಡಿಸ್ಕೊಳ್ತಾಳೆ, ಮಧ್ಯಾಹ್ನ ಮುಟ್ಟಿದ್ರೆ ಪರಚ್ತಾಳೆ. ಇದ್ಯಾಕೆ ಹೀಗೆ ಅಂತ ಐದು ತಿಂಗಳಿಂದ ಯೋಚನೆ ಮಾಡ್ತಿದ್ದೆ. ವಯಸ್ಸಿನ ಪ್ರಭಾವ ಅಂದ್ಕೊಂಡೆ. ನಿಮ್ಮನ್ನ ನೋಡಿ ಅಭ್ಯಾಸ ಆಗಿತ್ತು.”

“ಊಟಾನೂ ಎರಡೆರಡು ಸಲ ಮಾಡ್ತಿದ್ದಳು” ಎಂದ ಕರಡಪ್ಪ ಕ್ಷೀಣ ದನಿಯಲ್ಲಿ.

ಬಡಗಿ ಅಟ್ಟಕ್ಕೆ ಹತ್ತಿ ನೋಡಿ, ಗಾಳಿಕಿಂಡಿಯ ಒಂದು ಗಾಜು ಇಲ್ಲವೆಂದೂ, ಅಲ್ಲಿ ಹಳೆಯ ಚೀಲದ ಮೇಲೆ ಬೂದಿ ಕೂದಲಿನ ಹಾಸಿಗೆಯೇ ಇದೆಯೆಂದೂ ವರದಿ ಕೊಟ್ಟ. ಅಂದರೆ ಬೆಕ್ಕು ಬಂದು ಹೋಗುತ್ತಿರಲಿಲ್ಲ. ಸಂಸಾರವನ್ನೇ ಹೂಡಿತ್ತು.

ಕರಡಪ್ಪ ಕುರ್ಚಿಯ ಮೇಲೆ ಕುಸಿದ. ಒಂದು ಸೊನ್ನೆ ಹೆಚ್ಚಾದರೆ ಮೈಲಿ ದೂರದಿಂದ ಕಂಡುಹಿಡಿಯುವವನು ಎಂದು ಅಚ್ಚುಮನೆಯಲ್ಲಿ ಹೆಸರು. ತನ್ನ ಮನೆಯೊಳಗೇ ಒಂದು ಸೊನ್ನೆ ಹೆಚ್ಚಾಗಿ ಐದು ತಿಂಗಳು ಓಡಾಡಿದೆ. ಈ ವಿಷಯ ಹೊರಗೆ ಹೋದರೆ ನಾಳೆಯಿಂದ ಅಚ್ಚು ಜೋಡಿಸುವವರ ಮುಂದೆ ಕೆಂಪು ಪೆನ್ನು ಹಿಡಿಯುವುದು ಹೇಗೆ? ಕಾಂಪೌಂಡರು ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುವ ಅವಸರ ನೋಡಿದರೆ, ವಿಷಯ ಹೊರಗೆ ಹೋಗಲು ಇನ್ನು ಎರಡೇ ನಿಮಿಷ ಎಂದು ತಿಳಿಯುತ್ತಿತ್ತು.

ಆದರೆ ಮರುಕ್ಷಣವೇ ಅವನ ಬೆನ್ನು ನೆಟ್ಟಗಾಯಿತು. “ಕಾರಣ ಸಿಕ್ತಲ್ಲ” ಅಂದ. “ಪರರ ಮನೆಯ ಬೆಕ್ಕು ಮನೆಯೊಳಗೇ ಇದ್ರೆ ನಮ್ಮವಕ್ಕೆ ಒತ್ತಡ ಆಗದೆ ಇರುತ್ತಾ? ಮೊದಲ ನೆಗಡಿಗೂ ಐದು ತಿಂಗಳು, ಅಟ್ಟದ ಸಂಸಾರಕ್ಕೂ ಐದು ತಿಂಗಳು. ಇದರ ಯಜಮಾನರು ಯಾರೇ ಆಗಿರಲಿ, ಸೂರ್ಯ ಮುಳುಗೋದರೊಳಗೆ ಹುಡುಕಿ ಅವರ ಕೈಗೆ ಕೊಟ್ಟೇ ಬರ್ತೀನಿ.”

ಬಲಗಾಲಿನಲ್ಲಿ ಹಳೆಯ ಹೊಲಿಗೆಯ ಗುರುತಿದ್ದ ಹೊಸಬಳನ್ನು ಬುಟ್ಟಿಗೆ ಹಾಕಿಕೊಂಡು ಹೊರಟ. ಬಿಸಿಲಲ್ಲಿ ಎರಡು ಬೀದಿಯ ಒಂದೊಂದು ಬಾಗಿಲನ್ನೂ ತಟ್ಟಿದ. ಒಬ್ಬಾಕೆ ಮಾರಾಟದವನೆಂದು ತಿಳಿದು ಬಾಗಿಲು ಮುಚ್ಚಿದಳು. ಒಬ್ಬ ಮುದುಕರು ತಮ್ಮದೇ ಎಂದರು. ಬುಟ್ಟಿ ತೆರೆದು ನೋಡಿ, ತಮ್ಮದು ಗಿಳಿ ಎಂದರು. ದಿನಸಿ ಅಂಗಡಿಯವನು, “ಇದು ನಿಮ್ಮ ಸೊನ್ನೆ ಅಲ್ವಾ ಸಾರ್? ನಿಮ್ಮ ಬೆಕ್ಕು ನಿಮಗೇ ಗುರುತಿಲ್ವಾ?” ಎಂದು ಕೇಳಿ, ಕರಡಪ್ಪನ ಮುಖ ನೋಡಿ, ಕುಡಿಯಲು ನೀರು ಕೊಟ್ಟ. ಇಪ್ಪತ್ತೇಳನೇ ಬಾಗಿಲಿನ ಹೊತ್ತಿಗೆ ಕಾಲು ಸೋತಿತ್ತು, ಹಟ ಸೋತಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಹೆಂಡತಿ ಅಲ್ಪವಿರಾಮಳ ಬುಟ್ಟಿ ಹಿಡಿದು ವೈದ್ಯರ ಗೇಟಿನ ಬಳಿ ಕಾಯುತ್ತಿದ್ದಳು. ಮುಂದೆ ಆಸ್ಪತ್ರೆ, ಹಿಂದೆ ಅವರ ಮನೆ. “ಇವಳನ್ನೂ ಒಳಗೆ ತರ್ತೀನಿ” ಎಂದ ಕರಡಪ್ಪ. “ನೂರು ಬೆಕ್ಕು ನೋಡೋ ಡಾಕ್ಟರು. ಯಾರದ್ದು ಅಂತ ಅವರಿಗೆ ಗೊತ್ತಿದ್ದರೂ ಗೊತ್ತಿರಬಹುದು.”

ವೈದ್ಯರು ಮೊದಲು ಅಲ್ಪವಿರಾಮಳ ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು, ಬಹಳ ಹೊತ್ತು ನೋಡಿದರು.

“ಕಲೆ ಆಗಿಲ್ಲ. ಸರಿಯಾದ ಹೊತ್ತಿಗೆ ತಂದಿದೀರಿ. ಹತ್ತು ದಿನ ಹನಿ ಹಾಕಿ, ಸರಿಹೋಗುತ್ತೆ.”

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕರಡಪ್ಪ ದಿನದ ಕತೆಯನ್ನೆಲ್ಲ ಹೇಳಿ, ಎರಡನೇ ಬುಟ್ಟಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ.

ಬೂದಿ ಬೆಕ್ಕು ತಲೆ ಹೊರಗೆ ಹಾಕಿತು. ವೈದ್ಯರು ಇದ್ದಕ್ಕಿದ್ದ ಹಾಗೆ ಔಷಧಿ ಚೀಟಿ ಬರೆಯಲು ಬಗ್ಗಿದರು. ಆದರೆ ಚೀಟಿ ಕೊಡುವ ಕಿಟಕಿಯ ಹಿಂದೆ ಕೂತಿದ್ದ ಅವರ ಹೆಂಡತಿ ಎದ್ದು ನಿಂತರು.

“ಅಯ್ಯೋ, ನಮ್ಮ ಶಾಂತಿ” ಎಂದರು.

ಕೋಣೆಯಲ್ಲಿ ಸದ್ದೇ ಇರಲಿಲ್ಲ. ಬೆಳಗಿನಿಂದ ಕರಡಪ್ಪ ಬಯಸಿದ್ದಂಥ ನಿಶ್ಶಬ್ದ.

“ನಿಮ್ಮದಾ?” ಎಂದ.

“ಐದು ತಿಂಗಳ ಹಿಂದೆ ಮನೆ ಬಿಟ್ಟು ಹೋದಳು” ಎಂದರು ವೈದ್ಯರ ಹೆಂಡತಿ. “ನಮ್ಮನೇಲಿ ಇನ್ನೂ ನಾಲ್ಕಿದಾವೆ. ಇವಳಿಗೂ ಅವಕ್ಕೂ ಎಣ್ಣೆ ಸೀಗೆಕಾಯಿ. ಎರಡು ವರ್ಷ ಮನೆ ತುಂಬ ಸೀನೇ ಸೀನು. ಇವರು ಓದಿದ್ದೆಲ್ಲ ಮಾಡಿ ನೋಡಿದ್ರು. ಇವಳು ಹೋದ ದಿನದಿಂದ ಒಂದು ಸೀನಿಲ್ಲ, ನೋಡಿ.”

ಕರಡಪ್ಪ ವೈದ್ಯರ ಕಡೆ ತಿರುಗಿದ. “ಹೋದ ತಿಂಗಳು ನಮ್ಮ ಸೊನ್ನೆ ಅಂತ ಒಂದು ಬೆಕ್ಕು ತಂದಿದ್ವಲ್ಲ. ಅದು?”

“ಶಾಂತಿ” ಎಂದರು ವೈದ್ಯರು, ಚೀಟಿಯಿಂದ ತಲೆಯೆತ್ತದೆ.

“ಆವತ್ತೇ ಗೊತ್ತಾಯ್ತಾ ನಿಮಗೆ?”

“ಬಲಗಾಲಿನ ಹೊಲಿಗೆ ನಾನೇ ಹಾಕಿದ್ದು. ಗೊತ್ತಾಗದೆ ಇರುತ್ತಾ?”

“ಮತ್ತೆ ಹೇಳಲಿಲ್ಲ ಯಾಕೆ?”

ವೈದ್ಯರು ಈಗ ತಲೆಯೆತ್ತಿದರು. ಮುಖದಲ್ಲಿ ಮೂವತ್ತು ವರ್ಷದ ಅನುಭವವೆಲ್ಲ ಇತ್ತು. “ನಿಮಗೆ ಒತ್ತಡ ಆಗುತ್ತೆ ಅಂತ.”

ಕರಡಪ್ಪ ಬುಟ್ಟಿಯನ್ನು ಅವರ ಕಡೆ ತಳ್ಳಿದ. “ಬಹಳ ಸಂತೋಷ. ನಿಮ್ಮ ಬೆಕ್ಕು, ಇಟ್ಕೊಳ್ಳಿ. ನಾನು ಬರ್ತೀನಿ.”

“ಇಟ್ಕೋಬಹುದಿತ್ತು” ಎಂದರು ವೈದ್ಯರು, ಮೇಜಿನ ಮೇಲೆ ಕೈಜೋಡಿಸಿಕೊಂಡು. “ಆದರೆ ಒಬ್ಬ ವೈದ್ಯನಾಗಿ ಹೇಗೆ ಒಪ್ಪಲಿ ಹೇಳಿ. ಬೆಕ್ಕಿಗೆ ಜಾಗ ಬದಲಾಯಿಸೋದಕ್ಕಿಂತ ದೊಡ್ಡ ಒತ್ತಡ ಇಲ್ಲ. ಅವಳೇ ಆರಿಸ್ಕೊಂಡಿರೋ ಮನೆ ನಿಮ್ಮದು. ಈಗ ಕಿತ್ತು ತಂದ್ರೆ ಅವಳಿಗೆ ಕಾಯಿಲೆ, ನಮ್ಮ ನಾಲ್ಕಕ್ಕೂ ಕಾಯಿಲೆ. ನಿಮ್ಮ ಐದಂತೂ ಇವಳಿಗೆ ಹೊಂದ್ಕೊಳ್ತಾ ಬಂದಿದಾವೆ. ಐದು ತಿಂಗಳಾಯ್ತಲ್ಲ, ಇನ್ನೇನು ಏಳೆಂಟು ತಿಂಗಳು.”

ಕರಡಪ್ಪ ಬಾಯಿ ತೆರೆದ. ವಾದದಲ್ಲಿ ಎಲ್ಲೋ ತಪ್ಪಿದೆ ಎಂದು ಅವನ ಒಳಗಿನ ಕರಡು ತಿದ್ದುವವನು ಕೂಗುತ್ತಿದ್ದ. ಯಾವ ಸಾಲಿನಲ್ಲಿ ಎಂದು ಮಾತ್ರ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಶಾಂತಿಯೇ ಮೇಜಿನಿಂದ ಇಳಿದು, ಮನೆಯ ಕಡೆಯ ಬಾಗಿಲ ಸಂದಿಗೆ ಮೂಗು ಒಡ್ಡಿದಳು. ಅತ್ತಲಿಂದ ಯಾವುದೋ ಬೆಕ್ಕು ಬುಸ್ಸೆಂದಿತು. ಶಾಂತಿ ಹಿಂದಕ್ಕೆ ಹಾರಿ, ಮೈಯೆಲ್ಲ ಕೂದಲು ನಿಮಿರಿಸಿಕೊಂಡು ಬಂದು, ತಾನೇ ಬುಟ್ಟಿಯೊಳಗೆ ಕೂತು, ಕರಡಪ್ಪನ ಕಡೆ ನೋಡಿದಳು.

ಕರಡಪ್ಪ ಮುಚ್ಚಳ ಹಾಕಿ ಬುಟ್ಟಿ ಎತ್ತಿಕೊಂಡ. ಬೀದಿಯಿಂದ ಐದು ಮರಿಗಳನ್ನು ಮನೆಗೆ ತರಿಸಿದ್ದು ಇದೇ ನೋಟ.

ವೈದ್ಯರ ಹೆಂಡತಿ ಒಳಗೆ ಹೋಗಿ ಒಂದು ಪೆಟ್ಟಿಗೆ ತುಂಬ ಔಷಧಿ ಬಾಟಲಿಗಳನ್ನು ತಂದು ಅವನ ಕೈಗಿಟ್ಟರು. “ದುಡ್ಡೇನೂ ಬೇಡ. ನಮ್ಮನೇಲಿ ಈಗ ಯಾರೂ ಸೀನಲ್ಲ” ಎಂದರು, ತುಂಬು ಪ್ರೀತಿಯಿಂದ.

ಹೊರಗೆ ಸಂಜೆಯ ಬೆಳಕಿತ್ತು. ಗಂಡ ಒಂದು ಬುಟ್ಟಿ, ಹೆಂಡತಿ ಒಂದು ಬುಟ್ಟಿ ಹಿಡಿದು ಮನೆಯ ಕಡೆ ನಡೆದರು. ಗಂಡನ ಬಗಲಿನ ಪೆಟ್ಟಿಗೆಯಲ್ಲಿ ಬಾಟಲಿಗಳು ಗಲಗಲ ಅನ್ನುತ್ತಿದ್ದವು.

“ಈಗೇನು ಮಾಡೋಣ?” ಎಂದಳು ಹೆಂಡತಿ.

ಕರಡಪ್ಪ ನಿಂತ. ಬುಟ್ಟಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ. ಅವನ ದವಡೆ ಬೆಳಗಿನ ಏಳು ಗಂಟೆಯಲ್ಲಿ ಇದ್ದಷ್ಟೇ ಬಿಗಿಯಾಗಿತ್ತು.

“ನಾಳೆ ಬೆಳಿಗ್ಗೆ ಎದ್ದ ತಕ್ಷಣ ಮೊದಲನೇ ಕೆಲಸ, ಬೇರೆ ಡಾಕ್ಟರನ್ನ ಹುಡುಕೋದು.”

“ಇವರಿಗಿಂತ ಜಾಸ್ತಿ ಓದಿದವರನ್ನಾ?”

“ಬೆಕ್ಕು ಸಾಕದೆ ಇರೋರನ್ನ” ಎಂದ ಕರಡಪ್ಪ.